ನಿಂತ ಗಾಡಿ, ಓಡಿದ ಗಾಡಿ

ಟೈರಿನ ಪಕ್ಕದಲ್ಲಿ ಸಣ್ಣದಾಗಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಬೆಂಗಳೂರಿನಲ್ಲಿ ಹಳೇ ಕಾರು ಮಾರುವ ಒಂದು ಜಾಗದಲ್ಲಿ ಮಂಡಿಯೂರಿ, ಮೊಬೈಲ್ ಟಾರ್ಚ್ ಹಿಡಿದು ನಾನು ಓದಿದ್ದು 2214. ಅಂದರೆ 2014ರ 22ನೇ ವಾರ ತಯಾರಾದ ಟೈರು. ನಾನು ಅಲ್ಲಿ ಕೂತಿದ್ದು 2023ರ ಫೆಬ್ರವರಿಯಲ್ಲಿ. ಬಟನ್, ಅಂದರೆ ರೋಡಿಗೆ ತಾಗುವ ಉಬ್ಬು, ಪೂರ್ತಿ ಇತ್ತು, ಸವೆದೇ ಇರಲಿಲ್ಲ. ಆದರೆ ಬಟನ್ ಸಂದಿಯಲ್ಲಿ ಉಗುರು ಆಡಿಸಿದರೆ ಬೇಸಿಗೆಯ ಕೆರೆ ಅಂಗಳದ ಹಾಗೆ ಸಣ್ಣ ಸಣ್ಣ ಬಿರುಕು.

"ಬರೀ 9,000 ಕಿಲೋಮೀಟರ್ ಓಡಿರೋದು ಸಾರ್. ಹೊಸ ಗಾಡಿ ಇದ್ದ ಹಾಗೆ" ಎಂದರು ತೋರಿಸುತ್ತಿದ್ದವರು.

ಗಾಡಿ ಪೋರ್ಷೆ ಕೇಮನ್, ಜರ್ಮನಿಯ ಸ್ಪೋರ್ಟ್ಸ್ ಕಾರು. 2014ರ ಮಾಡೆಲ್, ಕಡು ನೀಲಿ. ಮುಖ ನೋಡಿಕೊಳ್ಳುವಷ್ಟು ಹೊಳಪಿತ್ತು. ಹದಿನೈದು ವರ್ಷ ಕಾದಿದ್ದೆ ಅದಕ್ಕೆ. ಆದರೂ ಅವತ್ತು ಬರಿಗೈಯಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಯಾಕೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ. ಇಂಥ ಗಾಡಿ ಮೊದಲ ಸಲ ತಗೊಳ್ಳುವವರು ನನ್ನನ್ನು ಕೇಳುವುದು ಒಂದೇ, "ಕಡಿಮೆ ಓಡಿರೋದು ಎಲ್ಲಿ ಸಿಗುತ್ತೆ ಅಣ್ಣಾ?" ಕಡಿಮೆ ಓಡಿರೋದು ಬೇಡಪ್ಪಾ ಅಂತಲೇ ನಾನು ಹೇಳೋದು.

ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ದ್ರಾಕ್ಷಿ, ಗುಲಾಬಿ, ಸೇವಂತಿ, ಹಿಪ್ಪುನೇರಳೆ, ಎಲ್ಲವೂ ಬೋರ್‌ವೆಲ್ ನಂಬಿಕೊಂಡೇ ಇರೋದು. ಸಾವಿರ ಅಡಿ, ಸಾವಿರದ ಇನ್ನೂರು ಅಡಿ ಕೆಳಗಿಂದ ನೀರೆತ್ತುವ ಮೋಟರ್ ಸುಟ್ಟುಹೋದರೆ ರೈತರು ರಾತ್ರಿ ಹನ್ನೊಂದಕ್ಕೂ ಬಂದು ಬಾಗಿಲು ತಟ್ಟುತ್ತಾರೆ. ನಾನು ಹೈಸ್ಕೂಲಿನಿಂದ ತಾಮ್ರದ ತಂತಿ ಸುತ್ತುತ್ತಾ ಬೆಳೆದವನು. ನೆಲದ ಮೇಲೆ ಇಡುವ ಪಂಪುಗಳ ಬೇರಿಂಗ್ ನೋಡಬೇಕಾದರೆ ಅಪ್ಪ ಸ್ಕ್ರೂಡ್ರೈವರ್ ತುದಿಯನ್ನು ಮೋಟರಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಅರ್ಧ ನಿಮಿಷ. ಆಮೇಲೆ "ಇನ್ನೊಂದು ಬೆಳೆ ಬರುತ್ತೆ" ಅಥವಾ "ಇವತ್ತೇ ಬಿಚ್ಚು" ಅನ್ನೋರು. ಅವರು ಹೇಳಿದ್ದು ತಪ್ಪಿದ್ದನ್ನು ನಾನು ನೋಡಿದ್ದು ಕಡಿಮೆ.

2021ರಲ್ಲಿ ಮಳೆ ಜೋರು. ಎಷ್ಟೋ ವರ್ಷದ ಮೇಲೆ ನಮ್ಮ ಕಡೆ ಕೆರೆಗಳು ಕೋಡಿ ಹರಿದವು. ಜನ ಕೋಡಿಗೆ ಪೂಜೆ ಮಾಡಿದರು, ತಿಂಗಳುಗಟ್ಟಲೆ ಯಾರೂ ಮೋಟರ್ ಹಾಕಲಿಲ್ಲ. ಮರು ಬೇಸಿಗೆಗೆ ಸ್ವಿಚ್ ಒತ್ತಿದರೆ ಜಾಮ್. ಬೆಳಗ್ಗೆಯಿಂದ ನಮ್ಮ ಅಂಗಡಿ ಮುಂದೆ ಟ್ರ್ಯಾಕ್ಟರು, ಲಗೇಜ್ ಆಟೋ ಸಾಲು. ಎಲ್ಲವೂ ಚೆನ್ನಾಗಿ ಓಡುತ್ತಿದ್ದ ಮೋಟರುಗಳೇ. ತ್ರೀ ಫೇಸ್ ಕರೆಂಟ್ ಬಂದಾಗಲೆಲ್ಲ ನಡುರಾತ್ರಿ ಎನ್ನದೆ ಓಡಿದಾಗ ಏನೂ ಆಗಿರಲಿಲ್ಲ. ಆರು ತಿಂಗಳು ನಿಂತದ್ದಕ್ಕೆ ಉಪ್ಪು, ತುಕ್ಕು ಕಟ್ಟಿ ಶಾಫ್ಟ್ ಹಿಡಿದುಕೊಂಡಿತ್ತು.

ಆ ನೀಲಿ ಗಾಡಿಯ ಪಕ್ಕ ಮಂಡಿಯೂರಿ ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಈ ಸಾಲು.

ಆಸೆ ಹುಟ್ಟಿದ್ದು ಹೇಗೆ ಅಂತಲೂ ಹೇಳಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಭಾನುವಾರ ಬೆಳಗಾಗುವ ಮುಂಚೆ ಬೆಂಗಳೂರಿನ ದುಬಾರಿ ಗಾಡಿಗಳು ನಮ್ಮ ಹೈವೇಯಲ್ಲಿ ಕಾಣಿಸೋದು ಜಾಸ್ತಿಯಾಯಿತು. ಈಗಿನ 44, ಆಗ 7ನೇ ನಂಬರ್ ಹೆದ್ದಾರಿ. ನನಗೆ 21 ವರ್ಷ. ಲಗೇಜ್ ಆಟೋದಲ್ಲಿ ಮೋಟರ್ ಇಟ್ಟುಕೊಂಡು ಪೇರೇಸಂದ್ರದ ಕಡೆ ಹೊರಟವನು ಟೀ ಕುಡಿಯೋಕೆ ನಿಂತಿದ್ದೆ. ಹಳದಿ, ಕೆಂಪು ಗಾಡಿಗಳು ಸಿಡಿಲಿನ ಹಾಗೆ ಸದ್ದು ಮಾಡಿಕೊಂಡು ಹೋದವು. ಎಲ್ಲರೂ ಅವನ್ನೇ ನೋಡಿದರು. ಕೊನೆಯಲ್ಲಿ ಒಂದು ಸಣ್ಣ ಬೆಳ್ಳಿ ಬಣ್ಣದ ಗಾಡಿ ಬಂತು. ಅದು ಗುಡುಗಲಿಲ್ಲ. ಗೂಡಿನಿಂದ ರೇಷ್ಮೆ ಎಳೆ ಕಡಿಯದೆ ಬಿಚ್ಚಿಕೊಂಡು ಬರುತ್ತದಲ್ಲ, ಆ ಥರ ಒಂದೇ ಎಳೆಯಾಗಿ ಸದ್ದು ಮೇಲಕ್ಕೆ ಏರುತ್ತಾ ಹೋಯಿತು. ಎಲ್ಲೂ ನಡುಕ ಇಲ್ಲ. ಸರಿಯಾಗಿ ಬ್ಯಾಲೆನ್ಸ್ ಆದ ಮೋಟರಿನ ಸದ್ದು ನನಗೆ ಗೊತ್ತು. ಟೀ ಆರಿಹೋಗಿತ್ತು.

ಅದು ಯಾವ ಗಾಡಿ, ಆ ಸದ್ದು ಯಾಕೆ ಹಾಗೆ ಅಂತ ತಿಳಿದುಕೊಳ್ಳೋಕೆ ವರ್ಷಗಳೇ ಹಿಡಿದವು. ಅದೇ ಈ ಕೇಮನ್. ಆರು ಸಿಲಿಂಡರ್. ನಿಲ್ಲಿಸಿಲ್ಲ, ಮಲಗಿಸಿದ್ದಾರೆ. ಆ ಕಡೆ ಮೂರು, ಈ ಕಡೆ ಮೂರು. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಹೋಗುತ್ತವೆ. ಈ ಕಡೆಯ ತಳ್ಳಾಟವನ್ನು ಆ ಕಡೆಯದು ಸರಿದೂಗಿಸುತ್ತದೆ. ಅದಕ್ಕೇ ನಡುಕ ಇಲ್ಲ. ಆ ಎಂಜಿನ್ನನ್ನು ಸೀಟಿನ ಬೆನ್ನಿಗೆ, ಹಿಂದಿನ ಚಕ್ರಗಳಿಗಿಂತ ಮುಂದೆ, ನೆಲಕ್ಕೆ ಹತ್ತಿರ ಇಟ್ಟಿದ್ದಾರೆ. ತೂಕ ನಡುವೆ ಇರೋದರಿಂದ ತಿರುವಿನಲ್ಲಿ ಗಾಡಿ ಬುಗುರಿಯ ಹಾಗೆ ತಿರುಗುತ್ತೆ. ಕೇಮನ್ ಅಂದರೆ ದಕ್ಷಿಣ ಅಮೆರಿಕದ ಕಡೆಯ ಮೊಸಳೆ ಜಾತಿಯ ಪ್ರಾಣಿ. ನಮ್ಮ ಬೀದಿಯ ಮಕ್ಕಳಿಗೆ ಇದನ್ನು ಒಂದು ಸಲ ಹೇಳಿದೆ. ಈಗ ಎಲ್ಲರ ಬಾಯಲ್ಲೂ ಅದು ಮೊಸಳೆ ಗಾಡಿ.

ದುಡ್ಡಿನ ವಿಷಯ. ಹೊಸದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ವಿದೇಶದಲ್ಲಿ ಪೂರ್ತಿ ತಯಾರಾಗಿ ಬರುವ ಗಾಡಿಯ ಮೇಲೆ ಬೀಳುವ ಸುಂಕ ಅಷ್ಟಿಷ್ಟಲ್ಲ. ಆಮೇಲೆ 20 ಲಕ್ಷ ಮೀರಿದ ಗಾಡಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆಯೇ ಶೇಕಡ 18. ಎಂಟೊಂಬತ್ತು ವರ್ಷ ಆದ ಮೇಲೆ ಅದೇ ಗಾಡಿ ಸುಮಾರು ಅರ್ಧ ಬೆಲೆಗೆ ಬರುತ್ತೆ. ಆ ದುಡ್ಡಿಗೆ ಊರಲ್ಲಿ ಒಂದು ಸೈಟ್ ಬರುತ್ತಿತ್ತು. ಅಮ್ಮ ಅದನ್ನೇ ಹೇಳಿದರು. ಅವರು ಹೇಳಿದ್ದು ತಪ್ಪಲ್ಲ. ಅಪ್ಪ ಮಾತ್ರ "ನಾನು ನಾಲ್ಕು ಬೋರ್ ಕೊರೆಸಿದೆ, ನೀರು ಬಂದದ್ದು ಒಂದರಲ್ಲೇ. ದುಡ್ಡನ್ನು ನೆಲಕ್ಕೆ ಸುರಿದವನು ನಾನು. ಇವನದ್ದು ಕಣ್ಣೆದುರಿಗಾದರೂ ಇರುತ್ತೆ" ಎಂದರು. ನಾನು ಸಾಲ ಮಾಡಲಿಲ್ಲ. ಮಾಡಬಾರದು ಅಂತಲೇ ನನ್ನ ಅಭಿಪ್ರಾಯ. ಗಾಡಿಯ ಬೆಲೆ ಇಳಿಯಬಹುದು, ಅದರ ಪಾರ್ಟ್ಸ್ ಬೆಲೆ ಇಳಿಯೋದಿಲ್ಲ. ಹಳೇ ಗಾಡಿ ಕೊಂಡರೂ ರಿಪೇರಿ ಖರ್ಚು ಹೊಸ ಗಾಡಿಯದೇ. ಅದಕ್ಕೆ ಪ್ರತಿ ತಿಂಗಳು 25,000 ಬೇರೆ ಖಾತೆಗೆ ಹಾಕುತ್ತೇನೆ. ಅದು ಗಾಡಿಯ ದುಡ್ಡು, ಮುಟ್ಟೋದಿಲ್ಲ.

ಮೊದಲು ನೋಡಿದ್ದು ಇನ್ನೂ ಹಳೆಯದು, 2007ರದ್ದು. ಬೆಲೆ ತುಂಬಾ ಕಡಿಮೆ ಇತ್ತು. ಆದರೆ ಆ ಕಾಲದ ಎಂಜಿನ್‌ನಲ್ಲಿ ನಡುವೆ ಒಂದು ಶಾಫ್ಟ್ ಇದೆ, ಅದರ ತುದಿಗೆ ಒಂದು ಬೇರಿಂಗ್. ಒಳಗೇ ಗ್ರೀಸ್ ತುಂಬಿ ಸೀಲ್ ಮಾಡಿದ ಬೇರಿಂಗ್. ಸೀಲ್ ಹಳತಾದರೆ ಎಂಜಿನ್ ಆಯಿಲ್ ಒಳಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತೆ. ಬೇರಿಂಗ್ ಪುಡಿಯಾದರೆ ಟೈಮಿಂಗ್, ಅಂದರೆ ಪಿಸ್ಟನ್ನಿಗೂ ವಾಲ್ವಿಗೂ ಇರುವ ಹೊಂದಾಣಿಕೆ, ತಪ್ಪಿ ಪಿಸ್ಟನ್ನು ವಾಲ್ವಿಗೆ ಹೊಡೆದು ಇಡೀ ಎಂಜಿನ್ ಹೋಗುತ್ತೆ. ಎಲ್ಲ ಗಾಡಿಗೂ ಹೀಗಾಗೋದಿಲ್ಲ. ಆದರೆ ಆ ಕೊನೆಯ ಕೆಲವು ವರ್ಷದ ಎಂಜಿನ್‌ಗಳಲ್ಲಿ ಅದನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಎರಡು ಹೋಳು ಮಾಡಬೇಕು. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಕೈಗೆ ಸಿಗದ ಬೇರಿಂಗನ್ನು ನಂಬಿ ದುಡ್ಡು ಹಾಕೋಕೆ ನನಗೆ ಧೈರ್ಯ ಬರಲಿಲ್ಲ. 2009ರಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಹಾಗಾಗಿ 2013ರ ಮೇಲಿನ ಗಾಡಿಗಳನ್ನೇ ಹುಡುಕಿದೆ.

ನೀಲಿ ಗಾಡಿಯನ್ನು ಪೂರ್ತಿ ಬಿಡೋಕೆ ಮನಸ್ಸಾಗಲಿಲ್ಲ. ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಾಕಿ ರಿಪೋರ್ಟ್ ಕೊಡಿಸಿ ಅಂದೆ, ಚಾರ್ಜ್ ನಾನೇ ಕೊಟ್ಟೆ. ಇಂಥ ಗಾಡಿ ತಗೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಎಂಜಿನ್ ಕಂಪ್ಯೂಟರು ತಾನು ಎಷ್ಟು ಗಂಟೆ ಓಡಿದೆ ಅಂತ ಲೆಕ್ಕ ಇಟ್ಟಿರುತ್ತೆ. ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸಿದರೆ ಗಾಡಿಯ ಬದುಕೇ ಗೊತ್ತಾಗುತ್ತೆ. ನೀಲಿ ಗಾಡಿ 9,000 ಕಿಲೋಮೀಟರಿಗೆ 610 ಗಂಟೆ ಓಡಿತ್ತು. ಗಂಟೆಗೆ 15 ಕಿಲೋಮೀಟರೂ ಇಲ್ಲ. ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿರಬೇಕು, ಇಲ್ಲಾ ಬ್ಯಾಟರಿ ಇಳಿಯಬಾರದು ಅಂತ ಆಗಾಗ ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಟ್ಟಿರಬೇಕು. ಎರಡನೆಯದೂ ಒಳ್ಳೆಯದಲ್ಲ. ನಿಂತಲ್ಲೇ ಓಡಿದ ಎಂಜಿನ್ ಪೂರ್ತಿ ಬಿಸಿಯಾಗೋದಿಲ್ಲ. ಒಳಗಿನ ತೇವ ಆರೋದಿಲ್ಲ, ಪೆಟ್ರೋಲು ಆಯಿಲ್ ಜೊತೆ ಬೆರೆಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ರೇಕ್ ಆಯಿಲ್ ಬದಲಿಸಿದ್ದಕ್ಕೆ ಒಂದು ಬಿಲ್ಲೂ ಇರಲಿಲ್ಲ.

ನನ್ನ ಗಾಡಿ ಸಿಕ್ಕಿದ್ದು ಮೈಸೂರಿನಲ್ಲಿ, ಒಬ್ಬರು ಡಾಕ್ಟರಮ್ಮನ ಹತ್ತಿರ. ಅದೂ 2014ರದ್ದೇ. ಬಿಳಿ ಬಣ್ಣ. 41,000 ಕಿಲೋಮೀಟರ್, 980 ಗಂಟೆ. ಗಂಟೆಗೆ 42ರ ಹತ್ತಿರ. ಊರಿಂದ ಊರಿಗೆ ಓಡಿದ ಗಾಡಿ. ಮುಂದಿನ ಬಂಪರ್ ತುಂಬಾ ಕಲ್ಲು ಸಿಡಿದ ಚುಕ್ಕಿ, ಡ್ರೈವರ್ ಸೀಟಿನ ಅಂಚು ಸವೆದಿತ್ತು, ಟೈರು ಆಗಲೇ ಎರಡನೇ ಸೆಟ್. ಒಂದು ದಪ್ಪ ಫೈಲಿನಲ್ಲಿ ಒಂಬತ್ತು ವರ್ಷದ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. "ಮಂಡಿ ನೋವು ಶುರುವಾಯ್ತು, ಇಷ್ಟು ತಗ್ಗಿನ ಗಾಡಿಗೆ ಹತ್ತಿ ಇಳಿಯೋಕಾಗಲ್ಲ. ಅದಕ್ಕೇ ಕೊಡ್ತಿರೋದು" ಎಂದರು. ನಾನು ಮೇಡಂ, ಬೆಲೆ ಅಂತ ಬಾಯಿ ತೆರೆಯುವ ಮುಂಚೆ ಅವರು ಕೇಳಿದ್ದು, "ವಾರಕ್ಕೆ ಎಷ್ಟು ಸಲ ಓಡಿಸ್ತೀರಿ?" ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ.

ಕಾಗದದ ಕೆಲಸ ಸುಲಭವಾಗಿ ಆಯಿತು. ನಮ್ಮ ರಾಜ್ಯದ್ದೇ ಗಾಡಿ, ತೆರಿಗೆ ಕಟ್ಟಿತ್ತು, ಹೆಸರು ಬದಲಿಸೋಕೆ ಫಾರಂ 29, ಫಾರಂ 30, ಇನ್ಶೂರೆನ್ಸ್ ಬದಲಾವಣೆ, ಅಷ್ಟೇ. ಹೊರ ರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ತುಂಬಾ ಜನ ಹೇಳಿದರು. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಲೇಬೇಕು, ತೆರಿಗೆ ಕಟ್ಟಲೇಬೇಕು. ರೋಡಿನಲ್ಲಿ ಕದ್ದುಮುಚ್ಚಿ ಓಡಿಸೋಕೆ ಇಂಥ ಗಾಡಿ ಯಾಕೆ ಬೇಕು?

ಊರಿಗೆ ತಂದ ದಿನ ಅಂಗಡಿ ಮುಂದೆ ಜನ ಸೇರಿದರು. ಮೆಕ್ಯಾನಿಕ್ ಗೆಳೆಯರಿಗೆ ಎಂಜಿನ್ ನೋಡಬೇಕು. ಮುಂದಿನ ಬಾನೆಟ್ ಎತ್ತಿದೆ, ಅದು ಡಿಕ್ಕಿ. ಹಿಂದಿನದು ಎತ್ತಿದೆ, ಅದೂ ಡಿಕ್ಕಿ. ಅಲ್ಲಿ ಆಯಿಲ್ ಹಾಕುವ ಒಂದು ಮುಚ್ಚಳ, ಕೂಲೆಂಟ್ ಹಾಕುವ ಒಂದು ಮುಚ್ಚಳ ಬಿಟ್ಟರೆ ಏನೂ ಕಾಣೋದಿಲ್ಲ. "ಎಂಜಿನ್ ಎಲ್ಲೋ?" ಎಂದ ಒಬ್ಬ. ಸ್ಟಾರ್ಟ್ ಮಾಡಿ, ಅವನ ಕೈಯನ್ನು ಹಿಂದಿನ ಡಿಕ್ಕಿಯ ಒಳಗೆ, ಸೀಟಿನ ಕಡೆಯ ಗೋಡೆಗೆ ಒತ್ತಿ ಹಿಡಿದೆ. ಅವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಆಮೇಲೆ ಎಲ್ಲರೂ ಸಾಲಾಗಿ ಬಂದು ಕೈ ಇಟ್ಟು ಹೋದರು. ಎಷ್ಟು ಕೊಡುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಊರೊಳಗೆ ಎಂಟು, ಹೈವೇಯಲ್ಲಿ ಹನ್ನೊಂದು. ಇರೋದನ್ನೇ ಹೇಳುತ್ತೇನೆ.

ಗಾಡಿಯ ಹೊಟ್ಟೆಗೂ ನೆಲಕ್ಕೂ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ ಅಂತರ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ರೋಡ್ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗಿದ್ದರೆ ನನ್ನ ಗಾಡಿ ಆರಾಮಾಗಿ ದಾಟುತ್ತೆ. ನಮ್ಮ ಮನೆಯಿಂದ ಹೈವೇವರೆಗೆ ಏಳು ಹಂಪ್ ಇವೆ, ಅಳೆದಿದ್ದೇನೆ. ಒಂದೂ ಆ ಅಗಲ ಇಲ್ಲ, ಎಲ್ಲವೂ ಗೋಣಿಚೀಲ ಮಲಗಿಸಿದ ಹಾಗಿವೆ. ಎದುರಿಗೆ ಯಾರೂ ಇಲ್ಲದಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನವರು ಹಾರ್ನ್ ಹೊಡೆದರೂ ಅವಸರ ಮಾಡಬಾರದು. ಊರ ಜಾತ್ರೆಯ ಮುಂಚೆ ರಾತ್ರೋರಾತ್ರಿ ಹೊಸ ಹಂಪ್ ಹುಟ್ಟಿಕೊಂಡಿರುತ್ತೆ. ಅದಕ್ಕೇ ಹೊಸ ದಾರಿಗೆ ಮೊದಲು ಬೈಕಿನಲ್ಲಿ ಹೋಗಿ ಬರುತ್ತೇನೆ.

ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ ರೇಡಿಯೇಟರ್ ಇವೆ. ಗಾಳಿಯ ಜೊತೆ ಒಣಗಿದ ಎಲೆ ಒಳಗೆ ಸೇರಿಕೊಂಡು, ಮಳೆಗೆ ನೆಂದು, ಗೊಬ್ಬರದ ಹಾಗೆ ಕೂತುಬಿಡುತ್ತೆ. ನಮ್ಮಲ್ಲಿ ನೀಲಗಿರಿ ತೋಪುಗಳೇ ಜಾಸ್ತಿ ಅಲ್ವಾ, ಮೂರು ತಿಂಗಳಿಗೆ ಒಂದು ಹಿಡಿ ಸಿಗುತ್ತೆ. ಉದ್ದನೆಯ ಬ್ರಷ್ ಹಾಕಿ ತೆಗೆಯುತ್ತೇನೆ. ಪೆಟ್ರೋಲಿನ ವಿಷಯದಲ್ಲೂ ಎಚ್ಚರ. ಈ ಗಾಡಿ ಮಾಡಿದ್ದು ಶೇಕಡ 10ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ. ಈಗ ಬಂಕುಗಳಲ್ಲಿ ಬರೋದು ಶೇಕಡ 20ರದ್ದು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಹಾಗಾಗಿ ಅದನ್ನು ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಡೋದಿಲ್ಲ, ಓಡಿಸಿ ಖಾಲಿ ಮಾಡುತ್ತೇನೆ.

ಇಷ್ಟೆಲ್ಲ ಹೇಳುವ ನಾನೇ ಒಂದು ಸಲ ತಪ್ಪಿದೆ. 2024ರ ಬೇಸಿಗೆ. ಬೋರ್‌ಗಳು ಒಂದರ ಹಿಂದೊಂದು ಬತ್ತಿದವು, ಖಾಲಿ ಓಡಿದ ಮೋಟರುಗಳು ಸುಟ್ಟವು. ಐದು ವಾರ ನಾನು ಅಂಗಡಿ ಬಿಟ್ಟು ಅಲುಗಲಿಲ್ಲ. ತೋಟದ ಶೆಡ್ಡಿನಲ್ಲಿ ಗಾಡಿ ಹಾಗೇ ನಿಂತಿತ್ತು. ಆರನೇ ವಾರ ಹೋಗಿ ರಿಮೋಟ್ ಒತ್ತಿದರೆ ಉಸಿರಿಲ್ಲ. ಬ್ಯಾಟರಿ ಇರೋದು ಮುಂದಿನ ಡಿಕ್ಕಿಯ ಒಳಗೆ. ಆ ಡಿಕ್ಕಿಯ ಬೀಗ ತೆರೆಯೋದು ಕರೆಂಟಿನಿಂದ. ಕರೆಂಟ್ ಇಲ್ಲದೆ ಡಿಕ್ಕಿ ತೆರೆಯೋದಿಲ್ಲ, ಡಿಕ್ಕಿ ತೆರೆಯದೆ ಕರೆಂಟ್ ಕೊಡೋಕಾಗೋದಿಲ್ಲ. ಒಳಗೆ ಕಾಲಿಡುವ ಜಾಗದ ಬಳಿಯ ಫ್ಯೂಸ್ ಬಾಕ್ಸಿನಲ್ಲಿ ಇದಕ್ಕೆ ಅಂತಲೇ ಒಂದು ಸಣ್ಣ ಟರ್ಮಿನಲ್ ಇಟ್ಟಿದ್ದಾರೆ. ಅದನ್ನು ಹೊರಗೆ ಎಳೆದು ಬೇರೆ ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟರೆ ಬೀಗ ಬಿಡುತ್ತೆ.

ಪಕ್ಕದ ತೋಟದ ತಾತ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಅದೂ 12 ವೋಲ್ಟೇ. ಅಂಗಡಿಯಿಂದ ತಂದ ದಪ್ಪ ತಂತಿಯನ್ನು ಪ್ಲಸ್ಸಿಗೆ ಟರ್ಮಿನಲ್, ಮೈನಸ್ಸಿಗೆ ಬಾಗಿಲಿನ ಲೋಹದ ಕೊಂಡಿ ಅಂತ ಸೇರಿಸಿದೆ. ಕೀ ಬಟನ್ ಒತ್ತಿದೆ. ಟಕ್ ಅಂತ ಬೀಗ ಬಿಟ್ಟಿತು, ಜೊತೆಗೇ ಸೈರನ್ ಕಿರುಚಿತು. ತೋಟದ ನಾಯಿಗಳೆಲ್ಲ ಎದ್ದವು. ಆರಿಸಿದ ಮೇಲೆ ತಾತ ಡಿಕ್ಕಿಯೊಳಗೆ ಬಗ್ಗಿ ನೋಡಿ, "ಟ್ರ್ಯಾಕ್ಟರ್ ಹತ್ರ ಸಾಲ ಕೇಳ್ತಲ್ಲೋ ನಿನ್ನ ಗಾಡಿ. ಓಡಿಸೋ ಮಗಾ, ಎತ್ತನ್ನೂ ಇಷ್ಟು ದಿನ ಕಟ್ಟಿಹಾಕಬಾರದು" ಎಂದರು. ಮೈಸೂರಿನ ಡಾಕ್ಟರಮ್ಮ ಕೇಳಿದ ಪ್ರಶ್ನೆ ನೆನಪಾಗಿ ಮನಸ್ಸಿಗೆ ತುಂಬಾ ನೋವಾಯಿತು. ಆಮೇಲೆ ಎಷ್ಟೇ ಕೆಲಸ ಇರಲಿ, ಭಾನುವಾರ ಬೆಳಗ್ಗೆ ತಪ್ಪಿಸಿಲ್ಲ.

ಭಾನುವಾರ ಐದೂವರೆಗೆ ಹೊರಡುತ್ತೇನೆ. ನಂದಿ ಕಡೆ ಹೋಗೋದಿಲ್ಲ, ಅಲ್ಲಿ ಭಾನುವಾರ ಗಾಡಿಗಳ ಜಾತ್ರೆ. ಹೈವೇಯಲ್ಲಿ ಉತ್ತರಕ್ಕೆ ಹೋಗಿ ಪೇರೇಸಂದ್ರದಲ್ಲಿ ಗುಡಿಬಂಡೆ ಕಡೆ ತಿರುಗುತ್ತೇನೆ. ಬಂಡೆ ಗುಡ್ಡಗಳ ನಡುವೆ ದಾರಿ. ಗಾಡಿಯ ಪೂರ್ತಿ ವೇಗ ಗಂಟೆಗೆ 264 ಕಿಲೋಮೀಟರ್ ಅಂತ ಪುಸ್ತಕದಲ್ಲಿದೆ. ನನಗೆ ಅದರಿಂದ ಏನೂ ಆಗಬೇಕಿಲ್ಲ. ಎಂಜಿನ್ 2.7 ಲೀಟರ್, ಟರ್ಬೊ ಇಲ್ಲ. 275 ಕುದುರೆ ಶಕ್ತಿ ಪೂರ್ತಿ ಸಿಗೋದು ಎಂಜಿನ್ ನಿಮಿಷಕ್ಕೆ 7,400 ಸುತ್ತು ತಿರುಗಿದಾಗ. ಎರಡನೇ ಗೇರಿನಲ್ಲೇ ಅದನ್ನು ಮೇಲಕ್ಕೆ ಏರೋಕೆ ಬಿಟ್ಟರೆ ಸಾಕು. 2008ರಲ್ಲಿ ಟೀ ಅಂಗಡಿ ಮುಂದೆ ಕೇಳಿದ ಎಳೆ ಈಗ ಬೆನ್ನ ಹಿಂದಿನಿಂದ ಬರುತ್ತೆ. ರೋಡಿನ ಪಕ್ಕದಲ್ಲಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗುವವರು ಕಂಡರೆ ವೇಗ ಇಳಿಸುತ್ತೇನೆ. ಅವರು ಕೈ ಎತ್ತುತ್ತಾರೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಪ್ಪ ನಾನೂ ಬರ್ತೀನಿ ಅಂದರು. ಮೊದಲು ಸೀಟಿನಲ್ಲಿ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತಗೊಂಡರು. ಗುಡಿಬಂಡೆ ಕೋಟೆ ಕಾಣುವವರೆಗೂ ಮಾತಾಡಲಿಲ್ಲ. ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡೆ.

"ಅರವತ್ತರಲ್ಲಿ ಹಿಡಿ" ಎಂದರು. ಹಿಡಿದೆ. "ಈಗ ಬಲಕ್ಕೆ ಸ್ವಲ್ಪ ಎಳಿ. ಈಗ ಎಡಕ್ಕೆ." ಮತ್ತೆ ಕಣ್ಣು ಮುಚ್ಚಿದರು. "ಎಂಜಿನ್ ಚೆನ್ನಾಗಿದೆ. ಹಿಂದಿನ ಎಡ ಚಕ್ರದ ಬೇರಿಂಗ್ ಹೇಳ್ತಿದೆ. ಬಲಕ್ಕೆ ತಿರುಗಿದಾಗ ಭಾರ ಆ ಕಡೆ ಬೀಳುತ್ತಲ್ಲ, ಆಗ ಜಾಸ್ತಿ ಕೂಗುತ್ತೆ."

ನನಗೆ ಏನೂ ಕೇಳಿಸಿರಲಿಲ್ಲ. ಆ ವಾರವೇ ಬೆಂಗಳೂರಿನ ವರ್ಕ್‌ಶಾಪಿಗೆ ಒಯ್ದೆ. ಲಿಫ್ಟ್ ಮೇಲೆ ಎತ್ತಿ ಕೈಯಲ್ಲಿ ಚಕ್ರ ತಿರುಗಿಸಿ ನೋಡಿದ ಹುಡುಗ "ಹಿಂದೆ ಎಡಗಡೆ ಸಾರ್, ಈಗಷ್ಟೇ ಶುರುವಾಗಿದೆ. ಯಾರು ಹೇಳಿದ್ದು?" ಅಂತ ಕೇಳಿದ. ಗಾಡಿ ಆಗ 56,000 ಓಡಿತ್ತು. ಬಿಚ್ಚಿದ ಬೇರಿಂಗನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದೆ.

ಅದು ಈಗ ನಮ್ಮ ಅಂಗಡಿಯ ಟೇಬಲ್ ಮೇಲಿದೆ, ಅಪ್ಪನ ಕನ್ನಡಕದ ಪಕ್ಕ. ಮೋಟರ್ ತಂದ ರೈತರ ಕೈಗೆ ಅದನ್ನು ಕೊಟ್ಟು ಅಪ್ಪ ಹೇಳುತ್ತಾರೆ, "ಕಿವಿ ಹತ್ರ ಇಟ್ಕೊಂಡು ಮೆಲ್ಲಗೆ ತಿರುಗಿಸಿ."